ಬಾನೆಟ್ಟಿನ ಮೇಲಿನ ನಾಲ್ಕು ಬೆರಳು

ಮುಂದೆ ಹೋಗುವ ವಾಹನದ ಬೆನ್ನ ಮೇಲೆ ಏನಾದರೂ ಬರೆದಿದ್ದರೆ ಅದನ್ನು ಓದದೆ ಬಿಡುವುದು ನನ್ನಿಂದಾಗದ ಕೆಲಸ. ಸಿಗರೇಟು, ಇಸ್ಪೀಟುಗಳ ಚಟ ಬಿಡಿಸುವ ಹಾಗೆ ಇದನ್ನು ಬಿಡಿಸುವ ಆಸ್ಪತ್ರೆಯೂ ಇದ್ದಿದ್ದರೆ ನನ್ನ ಹೆಂಡತಿ ಸುಮತಿ ನನ್ನನ್ನು ಎಂದೋ ಅಲ್ಲಿ ಸೇರಿಸಿ ನಿಶ್ಚಿಂತಳಾಗಿರುತ್ತಿದ್ದಳು. ಮೆಲ್ಬರ್ನಿನ ಈ ಕ್ಲೇಟನ್ನಿನಲ್ಲಿ ತರಕಾರಿಗೆಂದು ಕಾರು ಹೊರಡಿಸಿದರೆ ಸಾಕು, ಮುಂದೆ ಚರಂಡಿ ರಿಪೇರಿಯವನ ವ್ಯಾನು, ಅದರ ಮುಂದೆ ಈಜುಕೊಳ ತೊಳೆಯುವವನ ಗಾಡಿ, ಪಕ್ಕದಲ್ಲಿ ವಿದ್ಯಾರ್ಥಿಗಳನ್ನು ತುಂಬಿಕೊಂಡ ಬಸ್ಸು, ಆ ಬಸ್ಸಿನ ಬೆನ್ನಿಗೆ ಹುರಿದ ಕೋಳಿಯ ಆಳೆತ್ತರದ ಭಾವಚಿತ್ರ. ಫೋನ್ ನಂಬರಿನ ಸಮೇತ ಎಲ್ಲವನ್ನೂ ತುಟಿ ಅಲ್ಲಾಡಿಸಿಕೊಂಡು ಪಾರಾಯಣ ಮಾಡುತ್ತೇನೆ. "ಓದಿದ್ದು ಸಾಕು, ಸಿಗ್ನಲ್ ಹಸಿರಾಯ್ತು" ಎಂಬುದು ಸುಮತಿಯ ಮಂಗಳವಾಕ್ಯ.

ಮೊನ್ನೆ ಮಾತ್ರ ಅವಳು ಎರಡು ಸಲ ಮಂಗಳ ಹಾಡಿದರೂ ನಾನು ಕದಲಲಿಲ್ಲ. ಹಿಂದಿನ ಮೂವರು ಹಾರ್ನ್ ಬಜಾಯಿಸಬೇಕಾಯಿತು. ಮುಂದಿದ್ದದ್ದು ಒಂದು ಮಾಂಸದಂಗಡಿಯ ವ್ಯಾನು. ಅದರ ಮೇಲೆ ಕಿರೀಟ ಧರಿಸಿ ನಗುತ್ತಿರುವ ಹಂದಿ. ಉಡುಪಿಯ ಭಟ್ಟನಾದ ನಾನು ಮೊಟ್ಟೆಗೂ ದೂರದಿಂದಲೇ ನಮಸ್ಕಾರ ಹಾಕುವ ಪೈಕಿ. ಹಂದಿಯನ್ನು ಕಂಡು ಮೈಮರೆಯುವ ಕಾರಣ ನನಗೆ ಏನಿತ್ತು ಎಂದು ನೀವು ಕೇಳಬಹುದು. ಆ ಬೆಳಿಗ್ಗೆಯಷ್ಟೇ ಸಿಡ್ನಿಯಿಂದ ಲಾರೆನ್ಸರ ಮಗಳ ಮೆಸೇಜು ಬಂದಿತ್ತು: "ಅಂಕಲ್, ಡ್ಯಾಡಿ ಈ ಶನಿವಾರ ಶಾಪ್ ಕ್ಲೋಸ್ ಮಾಡ್ತಿದ್ದಾರೆ. ಫಾರ್ ಗುಡ್."

ಲಾರೆನ್ಸರು ಯಾರೆಂದು ಹೇಳಬೇಕಾದರೆ ಹ್ಯಾರಿಸ್ ಪಾರ್ಕಿಗೆ ಹೋಗಬೇಕು. ಕ್ಲೇಟನ್ನಿನ ಆಸ್ಪತ್ರೆಯಲ್ಲಿ ಮಗಳಿಗೆ ಕೆಲಸ ಸಿಕ್ಕು ನಾವು ಅವಳ ಹಿಂದೆ ಇಲ್ಲಿಗೆ ಬರುವ ಮುನ್ನ, ಸಿಡ್ನಿಯ ಆ ಸಬರ್ಬಿನಲ್ಲಿ ನಾನೂ ಸುಮತಿಯೂ ಆರು ಮೇಜುಗಳ ಹೋಟೆಲೊಂದನ್ನು ನಡೆಸುತ್ತಿದ್ದೆವು. 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡು ಹೋಟೆಲಿಗಿಂತ ದೊಡ್ಡದಾಗಿತ್ತು. ಎರಡು ಅಂಗಡಿ ದಾಟಿದರೆ ಲಾರೆನ್ಸರ ಮಾಂಸದಂಗಡಿ. ಅದರ ಲಾಂಛನವೂ ಇಂಥದ್ದೇ ಕಿರೀಟದ ಹಂದಿ. ಅವರು ಮೂಡುಬಿದಿರೆ ಕಡೆಯ ಕೊಂಕಣಿ ಕ್ರಿಸ್ತುವರು. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ವಾಡಿಕೆಯಂತೆ ನಾನು ಅವರನ್ನು 'ಪೊರ್ಬುಗಳೇ' ಎನ್ನುತ್ತಿದ್ದೆ, ಅವರು ನನ್ನನ್ನು 'ಭಟ್ರೇ' ಎನ್ನುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

ಪ್ರತಿದಿನ ಬೆಳಿಗ್ಗೆ ಏಳಕ್ಕೆ ಅವರು ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದರು. ಬರುವಾಗ ಏಪ್ರನ್ ಕಳಚಿ ನಮ್ಮ ಬಾಗಿಲ ಹೊರಗಿನ ಮೊಳೆಗೆ ತೂಗುಹಾಕಿ, ಕೈತೊಳೆದು ಒಳಗೆ ಬಂದು ಅಡುಗೆಮನೆಯ ಪಕ್ಕದ ಸ್ಟೂಲಿನಲ್ಲಿ ಕೂರುವರು. ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ನಾನು ಅವರ ಮನೆಗೆ ಹೋದರೆ ಬಾಳೆಹಣ್ಣು ಮಾತ್ರ ತಿಂದು ಬರುತ್ತಿದ್ದೆ; ಸಿಪ್ಪೆಯೊಳಗಿನ ವಸ್ತುವಿಗೆ ದೋಷವಿಲ್ಲವೆಂಬುದು ನನ್ನ ಸ್ವಂತ ಶಾಸ್ತ್ರ. ಅವರ ಹೆಂಡತಿ ಸಿಲ್ವಿಯಾ ಬಾಯಿ ಅದಕ್ಕೆಂದೇ ಒಳ್ಳೆಯ ಹಣ್ಣು ತಂದಿಡುತ್ತಿದ್ದರು.

ಒಂದು ಜನವರಿಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನವೇ ನಮ್ಮ ಫ್ರಿಜ್ಜು ಪ್ರಾಣ ಬಿಟ್ಟಿತು. ಮರುದಿನದ ಮದುವೆ ಆರ್ಡರಿಗೆ ರುಬ್ಬಿಟ್ಟ ದೋಸೆಹಿಟ್ಟು ಆರು ಡ್ರಮ್ಮು. ಸುಮತಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಲಾರೆನ್ಸರು ಹೋಗಿ ತಮ್ಮ ಕೋಲ್ಡ್ ರೂಮಿನ ಒಂದು ಮೂಲೆಯನ್ನು ಪೂರ್ತಿ ಖಾಲಿ ಮಾಡಿ, ಕುದಿಯುವ ನೀರಲ್ಲಿ ತೊಳೆದು, ಮನೆಯಿಂದ ಒಗೆದ ಬಿಳಿ ಬೆಡ್‌ಶೀಟ್ ತಂದು ಮೇಲಿಂದ ಕೆಳಗೆ ಪರದೆ ಕಟ್ಟಿದರು. ಪರದೆಯ ಆಚೆ ಅವರ ಕುರಿಗಳು, ಈಚೆ ನಮ್ಮ ಡ್ರಮ್ಮುಗಳು. ಮರುದಿನ ದೋಸೆ ಮಲ್ಲಿಗೆ ಹೂವಿನಂತೆ ಎದ್ದಿತು. ಆ ಹಿಟ್ಟು ಎಲ್ಲಿ ರಾತ್ರಿ ಕಳೆಯಿತೆಂದು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಹೊಗಳಿದವರಿಗೆಲ್ಲ ನಮ್ಮ ಉದ್ದಿನ ಮಹಿಮೆ ಹಾಡಿದೆ.

ಇನ್ನು ಡ್ಯಾರೆನ್. ನಮ್ಮ ಸಿಂಕಿನ ಪೈಪು ಸರಿಮಾಡಲು ಬಂದು, ಚಾಕು ಫೋರ್ಕುಗಳಿಂದ ಮಸಾಲೆದೋಸೆಗೆ ಶಸ್ತ್ರಚಿಕಿತ್ಸೆ ಮಾಡಿ ತಿಂದು, ಪ್ರತಿ ಶುಕ್ರವಾರದ ಗಿರಾಕಿಯಾದ ಪ್ಲಂಬರ್. ಅವನಿಗೆ ಸ್ಟಾಕ್ ಕಾರ್ ರೇಸಿನ ಹುಚ್ಚು. ನಮ್ಮ ನಿಮ್ಮ ಮನೆಯೆದುರು ನಿಲ್ಲುವಂಥ ಹಳೆಯ ಕಾರಿನ ಗಾಜು, ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂರಿಸಿ, ಮಣ್ಣಿನ ಟ್ರ್ಯಾಕಿನಲ್ಲಿ ಒಬ್ಬರನ್ನೊಬ್ಬರು ಗುದ್ದಿಕೊಂಡು ಸುತ್ತುವ ಆಟ ಅದು. ಮದ್ದುಗುಣಿಕೆ ತಿಂದವರ ಆಟವೆಂದು ನಾನು ಮೊದಲು ಭಾವಿಸಿದ್ದೆ. ಸಿಡ್ನಿಯ ಹೊರವಲಯದ ಆ ಟ್ರ್ಯಾಕಿಗೆ ಹೋದಾಗ ನನ್ನ ಓದುವ ಚಟಕ್ಕೆ ಹಬ್ಬದೂಟ ಸಿಕ್ಕಿತು: ಒಂದು ಕಾರಿನ ಬಾಗಿಲಲ್ಲಿ ಚಿಕನ್ ಅಂಗಡಿ, ಇನ್ನೊಂದರ ನೆತ್ತಿಯಲ್ಲಿ ಪೈ ಅಂಗಡಿ, ಮತ್ತೊಂದರ ಹಿಂಬದಿಗೆ ಸಾಸೇಜು, ಪಿಜ್ಜಾ. ಅಮೆರಿಕದ ದೊಡ್ಡ ರೇಸುಗಳಲ್ಲಿ ಬೇಕನ್ ಮಾರುವವರು, ಬರ್ಗರ್ ಮಾರುವವರು ಇಡೀ ಕಾರನ್ನೇ ತಮ್ಮ ಬಣ್ಣದಲ್ಲಿ ಅದ್ದಿ ತೆಗೆಯುತ್ತಾರಂತೆ. ಓಟಕ್ಕೂ ಮಾಂಸಕ್ಕೂ ಎಂಥ ನಂಟಪ್ಪಾ ಎಂದು ಕೇಳಿದ್ದಕ್ಕೆ ಲಾರೆನ್ಸರು, "ಗುದ್ದಾಟ ನೋಡಿದ್ರೆ ಜನಕ್ಕೆ ಹಸಿವಾಗ್ತದೆ ಭಟ್ರೇ, ಅಷ್ಟೇ" ಎಂದಿದ್ದರು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಇಂದಿಗೂ ಸಿಕ್ಕಿಲ್ಲ.

ಡ್ಯಾರೆನ್ನಿಗೆ ಪ್ರಾಯೋಜಕರು ಬೇಕಿತ್ತು. ಲಾರೆನ್ಸರು ಅವನ ತಂಡಕ್ಕೆ ಸಾಸೇಜು ಕೊಡುವುದೆಂದೂ, ನಾನು ಶುಕ್ರವಾರದ ದೋಸೆ ಕೊಡುವುದೆಂದೂ, ಪ್ರತಿಯಾಗಿ ಅವನ ಕಾರಿನ ಬಾನೆಟ್ಟಿನ ಮೇಲೆ ನಮ್ಮಿಬ್ಬರ ಅಂಗಡಿಗಳ ಹೆಸರು ಬರೆಸುವುದೆಂದೂ ಕಾಫಿಯ ಮೇಲೆ ಒಪ್ಪಂದವಾಯಿತು. ಬಣ್ಣ ಬಳಿಯುವ ದಿನ ಇಬ್ಬರೂ ಡ್ಯಾರೆನ್ನನ ಶೆಡ್ಡಿಗೆ ಹೋದೆವು. ಎಡಕ್ಕೆ ಕಿರೀಟದ ಹಂದಿ, ಬಲಕ್ಕೆ ನಮ್ಮ ಹೊಂಬಣ್ಣದ ದೋಸೆ. ಪೇಂಟರ್ ಸೀಮೆಸುಣ್ಣದಲ್ಲಿ ನಕ್ಷೆ ಎಳೆದಾಗ ಹಂದಿಯ ಮೂತಿ ದೋಸೆಯ ಅಂಚಿಗೆ ತಾಗುತ್ತಿತ್ತು.

ಶನಿವಾರ ಒಪ್ಪೊತ್ತು ಮಾಡುವ ನಮ್ಮ ಗಿರಾಕಿಗಳು, ಬೋರ್ಡು ನೋಡಿ ನಂಬಿ ಬರುವ ಗುಜರಾತಿ ಮುದುಕಿಯರು, ಊರಿನ ನನ್ನ ಅತ್ತೆ, ಎಲ್ಲರೂ ಆ ಶೆಡ್ಡಿನಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡಿದಂತಾಯಿತು. ಡ್ಯಾರೆನ್, ಅವನ ಗೆಳೆಯರು, ಪೇಂಟರ್, ಲಾರೆನ್ಸ್ ಎಲ್ಲರ ಮುಂದೆ ನಾನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ, "ಪ್ಲೀಸ್, ನಾಟ್ ಟಚಿಂಗ್. ನೀಡ್ ಗ್ಯಾಪ್. ವಿ ಆರ್ ಪ್ಯೂರ್" ಎಂದೆ. ಎಷ್ಟು ಗ್ಯಾಪ್ ಎಂದು ಪೇಂಟರ್ ಕೇಳಿದ. ನಾನು ಬಾನೆಟ್ಟಿನ ನಡುವೆ ನಾಲ್ಕು ಬೆರಳು ಇಟ್ಟು ತೋರಿಸಿದೆ. ಕೆಳಗೆ ಎಂಜಿನ್ನಿನ ಎಣ್ಣೆ, ಮೇಲೆ ಟ್ರ್ಯಾಕಿನ ಕೆಸರು, ನಡುವೆ ನನ್ನ ಮಡಿ! ಈ ಭೂಮಂಡಲದಲ್ಲಿ ರೇಸ್ ಕಾರಿಗೆ ಮಡಿ ಉಡಿಸಿದ ಏಕೈಕ ಪ್ರಾಯೋಜಕ ನಾನೇ ಇರಬೇಕು. ಪೇಂಟರ್ ಹಂದಿಯನ್ನು ಒಂಚೂರು ಎಡಕ್ಕೆ ಸರಿಸಿ, ಮೇಲಿಂದ ಕೆಳಗೆ ನಾಲ್ಕು ಬೆರಳಗಲದ ಬಿಳಿ ಪಟ್ಟೆ ಬಳಿದ.

ಲಾರೆನ್ಸರು ನಕ್ಕರು, "ಆಯ್ತು, ಭಟ್ರು ಹೇಳಿದ ಹಾಗೆ ಮಾಡಿ" ಎಂದರು. ಮರುದಿನ ಬೆಳಿಗ್ಗೆ ಏಳಕ್ಕೆ ಎಂದಿನಂತೆ ಬಂದರು. ಆದರೆ ಏಪ್ರನ್ ಕಳಚಲಿಲ್ಲ. ಬಾಗಿಲ ಹೊರಗೇ ನಿಂತು, "ಇಲ್ಲೇ ಕೊಡಿ, ಗಡಿಬಿಡಿ ಉಂಟು" ಎಂದು ಕಾಫಿ ಕುಡಿದು ಹೋದರು. ಅದರ ಮರುದಿನವೂ ಗಡಿಬಿಡಿ. ಆಮೇಲಿನ ಐದು ವರ್ಷವೂ ಗಡಿಬಿಡಿ. ಮೊಳೆ ಖಾಲಿಯಾಗಿತ್ತು, ಸ್ಟೂಲೂ ಖಾಲಿಯಾಗಿತ್ತು. ಯಾಕೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ರೇಸುಗಳಿಗೆ ಮಾತ್ರ ಇಬ್ಬರೂ ಹೋಗುತ್ತಿದ್ದೆವು, ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು, ನಮ್ಮ ಕಾರು ಕೊನೆಯಿಂದ ಎರಡನೆಯದಾಗಿ ಬಂದರೂ ಕುಣಿಯುತ್ತಿದ್ದೆವು. ಈ ದೇಶದಲ್ಲಿ ಲಾಟರಿ ಎತ್ತಿ ಗೆದ್ದವರಿಗೆ ಮಾಂಸದ ತಟ್ಟೆ ಕೊಡುವ ಸಂಪ್ರದಾಯವಿದೆ. 'ಮೀಟ್ ಟ್ರೇ' ಎನ್ನುತ್ತಾರೆ. ಟ್ರ್ಯಾಕಿನ ಆ ತಟ್ಟೆ ಲಾರೆನ್ಸರದ್ದೇ. ದಾಕ್ಷಿಣ್ಯಕ್ಕೆ ತೆಗೆದುಕೊಂಡ ನನ್ನ ಚೀಟಿಗೇ ಒಂದು ಶನಿವಾರ ಬಹುಮಾನ ಬಂದುಬಿಡಬೇಕೆ! ನೂರಾರು ಜನ ಚಪ್ಪಾಳೆ ತಟ್ಟುತ್ತಿರಲು ನಾನು ಬಲಿಪೀಠ ಏರಿದವನಂತೆ ಮೇಲೆ ಹೋದೆ. ತಟ್ಟೆ ಹಿಡಿದಿದ್ದ ಲಾರೆನ್ಸರು ನನ್ನ ಮುಖ ನೋಡಿ ಮೆಲ್ಲನೆ, "ನಾನೇ ಹಿಡ್ಕೊಳ್ತೇನೆ, ನೀವು ಮುಟ್ಟುದು ಬೇಡ" ಎಂದು ಅದನ್ನು ಡ್ಯಾರೆನ್ನನ ತಾಯಿಗೆ ದಾಟಿಸಿದರು. ನಾನು ಬಚಾವಾದೆ. ಬಚಾವಾಗಿ ಬಂದು ಕೂತಾಗ ನನಗೆ ಅಳು ಬಂತು, ನಿಜ ಹೇಳುತ್ತೇನೆ. ಕೇಳದೆಯೇ ಬಿಳಿ ಬೆಡ್‌ಶೀಟ್ ಕಟ್ಟಿದ ಮನುಷ್ಯನಿಗೆ ನಾನು ಜನರ ಮುಂದೆ ಬಿಳಿ ಪಟ್ಟೆ ಎಳೆಸಿದ್ದೆ.

ಕೊನೆಗೊಂದು ದಿನ ಆ ಕಾರು ಗೋಡೆಗೆ ಗುದ್ದಿ ಮುಕ್ತಿ ಪಡೆಯಿತು. ಡ್ಯಾರೆನ್ನಿಗೆ ಏನೂ ಆಗಲಿಲ್ಲ. ನೆನಪಿಗೆ ಬಾನೆಟ್ ಇಟ್ಟುಕೊಳ್ಳಿ ಎಂದ. ನೀವು ಇಟ್ಟುಕೊಳ್ಳಿ, ಇಲ್ಲ ನೀವು ಎಂದು ನಾವಿಬ್ಬರೂ ಉಪಚಾರ ಮಾಡುತ್ತಿರುವಷ್ಟರಲ್ಲಿ ಅವನು ಬೇಸತ್ತು ಗ್ರೈಂಡರ್ ತಂದು, ಬಿಳಿ ಪಟ್ಟೆಯ ಎರಡೂ ಅಂಚಿನ ಗುಂಟ ಕೊಯ್ದು, ಹಂದಿಯನ್ನು ಅವರಿಗೂ ದೋಸೆಯನ್ನು ನನಗೂ ಕೊಟ್ಟ. ನಡುವಿನ ಪಟ್ಟೆಯನ್ನು ಗುಜರಿ ರಾಶಿಗೆ ಎಸೆದ.

ಆ ದೋಸೆಯ ಅರ್ಧ ನಮ್ಮೊಡನೆ ಕ್ಲೇಟನ್ನಿಗೆ ಬಂದು ಗ್ಯಾರೇಜಿನಲ್ಲಿ ವಾಷಿಂಗ್ ಮಶೀನಿನ ಹಿಂದೆ ನಿಂತಿತ್ತು. "ಅಪ್ಪಾ, ದ್ಯಾಟ್ ರಸ್ಟಿ ಥಿಂಗ್, ಪ್ಲೀಸ್" ಎಂದು ಮಗಳು ವರ್ಷಕ್ಕೆರಡು ಸಲ ನೆನಪಿಸುತ್ತಿದ್ದಳು. ಮೊನ್ನೆ ಆ ವ್ಯಾನಿನ ಹಂದಿಯನ್ನು ನೋಡಿ ಮನೆಗೆ ಬಂದವನೇ ಅದನ್ನು ಎಳೆದು ಒರೆಸಿದೆ. "ಶನಿವಾರಕ್ಕೆ ಸಿಡ್ನಿ" ಎಂದೆ. ಸುಮತಿ ದಾರಿಗೆ ಚಪಾತಿ ಕಟ್ಟಿಕೊಂಡು ನನ್ನೊಡನೆ ಹೊರಟಳು. ಅವಳಿಗೆ ಎಲ್ಲ ಗೊತ್ತಿತ್ತು. ಬಾಗಿಲಲ್ಲಿ ನಿಂತವರಿಗೆ ಐದು ವರ್ಷ ಕಾಫಿ ಕೊಟ್ಟವಳು ಅವಳೇ ತಾನೆ.

ಸಿಡ್ನಿಯ ಕ್ವೇಕರ್ಸ್ ಹಿಲ್ಲಿನಲ್ಲಿರುವ ಲಾರೆನ್ಸರ ಮನೆ ಮುಟ್ಟಿದಾಗ ಶನಿವಾರದ ಸಂಜೆ ನಾಲ್ಕು. ಅಂಗಡಿಗೆ ಬೀಗ ಹಾಕಿ ಆಗಷ್ಟೇ ಬಂದಿದ್ದ ಲಾರೆನ್ಸರು ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಅರ್ಧ ಬಾನೆಟ್ ಇಳಿಸಿದ್ದು ಕಂಡು ಕುಂಟುತ್ತ ಹೋಗಿ ಗ್ಯಾರೇಜಿನಿಂದ ತಮ್ಮ ಅರ್ಧ ತಂದರು. ಅವರೂ ಎಸೆದಿರಲಿಲ್ಲ. ನೆಲದ ಮೇಲೆ ಎರಡನ್ನೂ ಜೋಡಿಸಿದೆವು. ಪಟ್ಟೆ ಹೋಗಿದ್ದರಿಂದ ಹಂದಿಯ ಮೂತಿ ದೋಸೆಗೆ ನೇರವಾಗಿ ತಾಗಿತು.

"ಅಂತೂ ತಿಂತು ಮಾರಾಯ್ರೆ!" ಎಂದರು ಲಾರೆನ್ಸ್.

ನನಗೆ ನಗು ಬರಲಿಲ್ಲ. "ಆವತ್ತು ಶೆಡ್ಡಿನಲ್ಲಿ ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು ಪೊರ್ಬುಗಳೇ."

ಅವರು ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು. "ಬೇಜಾರಾಗಿತ್ತು ಭಟ್ರೇ. ತುಂಬಾ ಬೇಜಾರಾಗಿತ್ತು" ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಇದನ್ನು ಹೇಳ್ಲಿಕ್ಕೆ ಮೆಲ್ಬರ್ನಿಂದ ಕಾರು ಬಿಟ್ಕೊಂಡು ಬಂದದ್ದಾ? ಫೋನಿಲ್ವಾ ನಿಮ್ಮಲ್ಲಿ?" ಎಂದು ಗದರಿದರು. ಸಿಲ್ವಿಯಾ ಬಾಯಿ ಅಭ್ಯಾಸದಂತೆ ಬಾಳೆಹಣ್ಣಿನ ತಟ್ಟೆ ತಂದರು. "ಹಣ್ಣು ಬೇಡ, ಕಾಫಿ ಕೊಡಿ" ಎಂದೆ. ಅವರು ಗಾಬರಿಯಾಗಿ, ಹೊಸ ಲೋಟ ಕಪಾಟಿನ ಮೇಲಿದೆ, ತೆಗೆಸುತ್ತೇನೆ ಎಂದರು. "ನೀವು ಕುಡಿಯುವ ಲೋಟವೇ ಆದೀತು" ಎಂದು ನಾನು ಚಪ್ಪಲಿ ಬಿಟ್ಟು ಅಡುಗೆಮನೆಯೊಳಗೆ ಹೋಗಿ ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂತೆ. ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು. ಇನ್ನೊಂದು ಲೋಟ ಕೇಳಿ ಕುಡಿದೆ.

ಮರುದಿನ ಹೊರಡುವಾಗ ಲಾರೆನ್ಸರು ನನ್ನ ದೋಸೆಯನ್ನು ತಮ್ಮ ಗ್ಯಾರೇಜಿನ ಗೋಡೆಗೆ ಒರಗಿಸಿ, ತಮ್ಮ ಹಂದಿಯನ್ನು ನನ್ನ ಕಾರಿಗೆ ಹತ್ತಿಸಿದರು. ಡಿಕ್ಕಿಯಲ್ಲಿ ಪೂರ್ತಿ ಹಿಡಿಸಲಿಲ್ಲ. ಹಗ್ಗ ಬಿಗಿದು ಕಟ್ಟಿದ ಮೇಲೂ ಕಿರೀಟ, ಮೂತಿ, ಅಂಗಡಿಯ ಹೆಸರು ಹೊರಗೆ ಚಾಚಿಕೊಂಡು ಹಿಂದಿನವರಿಗೆಲ್ಲ ದರ್ಶನ ಕೊಡುತ್ತಿದ್ದವು. ಹೆದ್ದಾರಿಯುದ್ದಕ್ಕೂ ಹಿಂದಿನ ಕಾರುಗಳವರು ತುಟಿ ಅಲ್ಲಾಡಿಸಿ ಓದುವುದು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

ಪೆಟ್ರೋಲಿಗೆ ನಿಲ್ಲಿಸಿದಾಗ ಲಾರಿ ಚಾಲಕನೊಬ್ಬ ಹತ್ತಿರ ಬಂದು ಹಂದಿಯನ್ನು ಮೆಚ್ಚಿಕೊಂಡು ನೋಡಿ, "ಯುವರ್ ಶಾಪ್, ಮೇಟ್?" ಎಂದು ಕೇಳಿದ. ಸುಮತಿ ಕಾರಿನೊಳಗಿಂದ ಕುತ್ತಿಗೆ ಚಾಚಿ ನನ್ನ ಉತ್ತರಕ್ಕೆ ಕಾದಳು. ನಮ್ಮ 'ಶುದ್ಧ ಸಸ್ಯಾಹಾರಿ' ಬೋರ್ಡಿನ ಅಕ್ಷರಗಳೆಲ್ಲ ಒಮ್ಮೆ ನನ್ನ ನಾಲಿಗೆಯ ತುದಿಗೆ ಬಂದು ಹೋದವು.

"ಅವರ್ಸ್, ಮೇಟ್" ಎಂದೆ. "ನಮ್ಮದೇ."

ಹೊರಟ ಮೇಲೆ ನಾನು ಕನ್ನಡಿಯಲ್ಲಿ ಇಣುಕುತ್ತಲೇ ಇರುವುದನ್ನು ಕಂಡು ಸುಮತಿ ಹೇಳಿದಳು: "ನೀವು ಮುಂದೆ ನೋಡಿ. ಓದುವವರು ಓದಿಕೊಳ್ಳಲಿ."