ಜಾಝ್ ಮಹಾಬಲ ಒಬ್ಬನೇ ಊದಿದ್ದು

ನರಿಮೊಗರಿನ ಮಹಾಬಲ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುವವನು. ಐದು ವರ್ಷದ ಹಿಂದೆ ಮೊಬೈಲಿನಲ್ಲಿ ಜಾಝ್ ಕೇಳಿ ತಲೆ ಕೆಡಿಸಿಕೊಂಡ. ಅದರಲ್ಲಿ ಒಬ್ಬ ನುಡಿಸುವಾಗ ಉಳಿದವರು ಸುಮ್ಮನಿದ್ದು ಕೇಳುತ್ತಾರಂತೆ. ನಮ್ಮ ಕಡೆ ಅಂಥ ಅನಾಹುತ ನಡೆದದ್ದು ನನಗಂತೂ ಗೊತ್ತಿಲ್ಲ.

ಆದರೂ ಜೊತೆಗಾರರನ್ನು ಹುಡುಕಿದ. ಮೊದಲು ಸಿಕ್ಕಿದ್ದು ಭಜನಾ ಮಂಡಳಿ. ಇವನು ಸ್ವರ ಜಾರಿಸಿದಾಗಲೆಲ್ಲ ಹಾರ್ಮೋನಿಯಂನ ಕೌಸಲ್ಯಕ್ಕ ತಾನೇ ತಪ್ಪಿದೆನೆಂದು ಮೊದಲಿನಿಂದ ಶುರು ಮಾಡುತ್ತಿದ್ದರು. ಒಂದು ಭಜನೆಗೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಸುಳ್ಯದ ನವಾಝ್. ಅವನ ಕೀಬೋರ್ಡಿಗೆ ಡ್ರಮ್, ಗಿಟಾರ್, ಕೊಳಲು ಎಲ್ಲ ಬರುತ್ತದೆ, ನಿಲ್ಲಿಸುವುದೊಂದು ಬರುವುದಿಲ್ಲ. ಕೊನೆಗೆ ಉಳಿದವನು ಹಳೇ ಜೊತೆಗಾರ, ಕಡಬದ ಡೋಲಿನ ಚೆನ್ನು. ಅವನು ಬಾರಿಸುವಾಗ ಪಕ್ಕದಲ್ಲಿ ಲಾರಿ ಹೋದರೂ ತಿಳಿಯದು.

"ಒಂದೇ ಸಲ ನನ್ನನ್ನು ಒಬ್ಬನೇ ಊದ್ಲಿಕ್ಕೆ ಬಿಡು ಮಾರಾಯ," ಎಂದು ಮಹಾಬಲ ಅವನನ್ನು ಬೇಡಿಕೊಂಡ. "ಒಬ್ಬನಾದ್ರೂ ಕೇಳ್ತಾನಾ ನೋಡುವ. ಇಲ್ಲದಿದ್ರೆ ಜಾಝ್ ಬಿಟ್ಟೆ."

"ಯಾವಾಗ ಊದುದು?"

"ತಾಳಿ ಕಟ್ಟುವಾಗ. ಆಗ ಎಲ್ಲರೂ ಅಲ್ಲೇ ಇರ್ತಾರಲ್ಲ."

ಆ ಹೊತ್ತಿಗೆ ಗಟ್ಟಿಮೇಳ ಬಾರಿಸುವುದೇ ಸೀನು, ಅಪಶಕುನದ ಮಾತು ಯಾರ ಕಿವಿಗೂ ಬೀಳದಿರಲಿ ಎಂದು. ಕಲೆಯ ಗುಂಗಿನಲ್ಲಿದ್ದವನಿಗೆ ಇಷ್ಟು ಹೊಳೆಯಲಿಲ್ಲ. ಚೆನ್ನುವಿಗೆ ಹೊಳೆಯಿತು, ಆದರೆ ಗೆಳೆಯನ ಮುಖ ನೋಡಿ ಒಪ್ಪಿಕೊಂಡ.

ಈಶ್ವರಮಂಗಲದ ಹಾಲ್‌ನಲ್ಲಿ ತೀರ್ಥರಾಮ ಗೌಡರ ಮಗಳ ಮದುವೆ. ಪುರೋಹಿತರು ಮೇಳದವರಿಗೆ ಕೈ ಎತ್ತಿದರು. ಚೆನ್ನು ಕೋಲು ಕೆಳಗಿಟ್ಟ. ಮಹಾಬಲ ಕಣ್ಣು ಮುಚ್ಚಿ ಒಂದು ಸ್ವರವನ್ನು ಮೆಲ್ಲಗೆ, ಉದ್ದಕ್ಕೆ ಎಳೆದ. ಆರುನೂರು ಜನ ಗಪ್‌ಚುಪ್. ಆಗಲೇ ವರನ ದೊಡ್ಡಪ್ಪ ಸೀನಿದರು. ಒಂಟಿ ಸೀನು. ಎರಡನೆಯದಾದರೂ ಬರಲಿ ಎಂದು ಹಾಲ್‌ಗೆ ಹಾಲೇ ಅವರ ಮೂಗು ನೋಡುತ್ತ ಕಾಯಿತು. ಬರಲಿಲ್ಲ.

"ಎಂತ ಬಾಯಿ ನೋಡುದು? ಬಾರಿಸಿ ಮಾರಾಯ್ರೆ," ಎಂದರು ತೀರ್ಥರಾಮ ಗೌಡರು. ಆಮೇಲೆ ಇನ್ನೊಂದು ಮುಹೂರ್ತ ಹುಡುಕಿ ತಾಳಿ ಕಟ್ಟಿಸುವಷ್ಟರಲ್ಲಿ ಅನ್ನ ಆರಿತ್ತು. ಮೇಳದವರನ್ನು ಊಟಕ್ಕೆ ಯಾರೂ ಕರೆಯಲಿಲ್ಲ.

ಬಸ್‌ಸ್ಟಾಪಿನಲ್ಲಿ ಮಹಾಬಲ ತಲೆ ತಗ್ಗಿಸಿ ಕೂತ. "ಎಲ್ಲರಿಗೂ ಸೀನು ಕೇಳಿತು. ನಾನು ಊದಿದ್ದು ಯಾರಿಗೂ ಕೇಳ್ಲಿಲ್ಲ."

"ನಂಗೆ ಕೇಳಿತು," ಎಂದ ಚೆನ್ನು. "ಹದಿನೆಂಟು ವರ್ಷ ಒಟ್ಟಿಗೆ ಬಾರಿಸಿದ್ದೇವೆ. ನೀನು ಊದುದು ನಂಗೆ ಕೇಳಿದ್ದು ಇವತ್ತೇ. ಚಂದ ಉಂಟು."

ಮಹಾಬಲ ಅಲ್ಲೇ ಅತ್ತುಬಿಟ್ಟ. ಜಾಝ್ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಆ ವರ್ಷ ಇಬ್ಬರನ್ನೂ ಯಾರೂ ಮದುವೆಗೆ ಕರೆಯಲೂ ಇಲ್ಲ.