ಹಿತ್ತಲಿಂದ ಹೊರಟು ಮುಂಬಾಗಿಲಿಗೆ ಬಂದ ರೊಟ್ಟಿ

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ನನಗೆ ಪಿಂಚಣಿಯ ಜೊತೆಗೆ ಒಂದು ಚಟವೂ ಉಳಿದುಕೊಂಡಿದೆ. ತಪ್ಪು ಕಂಡರೆ ತಿದ್ದದೆ ಇರಲಾರೆ. ಲಗ್ನಪತ್ರಿಕೆ ಕೊಡಲು ಬಂದವರನ್ನು ಕೂರಿಸಿ, ಅವರೆದುರೇ ಪೆನ್ನು ತೆಗೆದು ಒತ್ತಕ್ಷರ ಸರಿಮಾಡಿದವನು ನಾನು. ಶಿಗ್ಗಾಂವಿಯ ನಮ್ಮ ಓಣಿಯವರು ಈಗ ಪತ್ರಿಕೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಇದನ್ನೆಲ್ಲ ನಾನೇ ನಗುತ್ತ ಹೇಳಿಕೊಳ್ಳುತ್ತಿದ್ದೆ, ಅವ್ವನನ್ನೂ ತಿದ್ದಲು ಹೊರಡುವ ತನಕ.

ಅವ್ವನಿಗೆ ಮರೆವಿನ ಕಾಯಿಲೆ. ಹುಬ್ಬಳ್ಳಿಯ ಡಾಕ್ಟರು ಡಿಮೆನ್ಶಿಯಾ ಎಂದರು. ಮನೆಯಲ್ಲೇ ಜೋಪಾನವಾಗಿ ನೋಡಿಕೊಳ್ಳಿ, ಗುಳಿಗೆ ಮಾತ್ರ ಊಟದ ಮೇಲೆಯೇ ಕೊಡಿ ಎಂದರು. ಮೊದಲು ಅವಳು ಎಲೆಯಡಿಕೆ ಚೀಲ ಎಲ್ಲಿಟ್ಟೆನೆಂಬುದನ್ನು ಮರೆತಳು. ಆಮೇಲೆ ವಾರಗಳನ್ನು, ನೆಂಟರ ಹೆಸರುಗಳನ್ನು ಮರೆತಳು. ಕೊನೆಗೆ ಅಪ್ಪ ಸತ್ತದ್ದನ್ನೇ ಮರೆತಳು. ಮಧ್ಯಾಹ್ನ ತಾಟು ಇಟ್ಟ ಕೂಡಲೇ ಕೇಳುವಳು: “ನಿಮ್ಮಪ್ಪ ಎಲ್ಲಿ ಹೋದ್ರೋ? ಉಣ್ಣೂ ಹೊತ್ತಾತು.”

“ಅಪ್ಪ ತೀರಿಕೊಂಡು ಒಂಬತ್ತ ವರ್ಷ ಆತಲ್ಲಬೇ ಯವ್ವಾ.” ನನ್ನದು ಸರಿಯುತ್ತರವೇ.

ಅವಳಿಗೆ ಅದು ಆ ಗಳಿಗೆಯ ಸುದ್ದಿ. ಎದೆ ಬಡಿದುಕೊಂಡು, ಅಪ್ಪನ ಒಂದೊಂದು ಗುಣವನ್ನೂ ಹಾಡಿಕೊಂಡು ಅಳುವಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸುವಳು. “ಸತ್ತ ಮನಿಯಾಗ ಒಲಿ ಹಚ್ಚೀರೇನು? ಮಂದಿ ಏನಂದಾರು?” ನಮ್ಮ ಕಡೆ ಸಾವಾದ ಮನೆಯಲ್ಲಿ ಅಂದು ಒಲೆ ಉರಿಯುವುದಿಲ್ಲ. ಮಕ್ಕಳ ಹೆಸರನ್ನೇ ಅದಲುಬದಲು ಮಾಡುವವಳು ಈ ಕಟ್ಟಳೆಯನ್ನು ಮಾತ್ರ ಬಿಟ್ಟಿರಲಿಲ್ಲ. ತಾಟು ಹಾಗೇ ಉಳಿಯುತ್ತಿತ್ತು, ಗುಳಿಗೆಯೂ ಉಳಿಯುತ್ತಿತ್ತು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಎರಡೇ ತಿಂಗಳಲ್ಲಿ ಕುಬಸದ ತೋಳು ಜೋಲುವಷ್ಟು ಸೊರಗಿದಳು. ಹೀಗೇ ಆದರೆ ಇವಳು ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಆದರೂ ಹೆತ್ತವಳಿಗೆ ಸುಳ್ಳು ಹೇಳುವುದು ಹೇಗೆಂದು ಏನಾದರೂ ನೆವ ಹೇಳಿರೆಂದ ಹೆಂಡತಿಯ ಮೇಲೆಯೇ ಸಿಡುಕುತ್ತಿದ್ದೆ.

ಆಗ ಅವ್ವನನ್ನು ನೋಡಿಕೊಳ್ಳಲು ಬಂದವಳು ಫಕ್ಕೀರವ್ವ. ಹುಲಗೂರಿನವಳು; ತನ್ನ ಅತ್ತೆಯನ್ನು ಇದೇ ಕಾಯಿಲೆಯಲ್ಲಿ ಆರು ವರ್ಷ ಜೋಪಾನ ಮಾಡಿದ್ದಳು. ಮೊದಲ ದಿನ ನನ್ನ ಸರಿಯುತ್ತರವನ್ನೂ ಅವ್ವನ ಅಳುವನ್ನೂ ಸುಮ್ಮನೆ ನೋಡಿದಳು. ಆಮೇಲೆ ನಮ್ಮದೇ ರೊಟ್ಟಿ, ಬದನೆಕಾಯಿ ಪಲ್ಯವನ್ನು ತಾಟಿಗೆ ಹಾಕಿ, ಮೇಲೆ ಅರಿವೆ ಮುಚ್ಚಿ, ಹಿತ್ತಲ ಬಾಗಿಲಿನಿಂದ ಹೊರಟೇಬಿಟ್ಟಳು. ಬಂದ ದಿನವೇ ಊಟ ಕಟ್ಟಿಕೊಂಡು ಮನೆಗೆ ಹೊರಟಳಲ್ಲ ಎಂದುಕೊಂಡೆ. ಆ ಯೋಚನೆಗೆ ಈಗಲೂ ನಾಚುತ್ತೇನೆ. ಮನೆ ಸುತ್ತು ಹಾಕಿ ಬಂದು ಅವಳು ಮುಂಬಾಗಿಲಿನ ಚಿಲಕ ಬಡಿದಳು.

“ಬಾಜೂ ಮನ್ಯಾಕಿ ಬಂದೇನ್ರಿ ಅಮ್ಮಾರ. ಸುದ್ದಿ ಕೇಳಿ ಭಾಳ ಕೆಟ್ಟ ಅನಸ್ತು. ಎರಡ ತುತ್ತು ಉಣ್ರಿ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವ್ಯಾಕ ತ್ರಾಸ ತಗೊಂಡ್ರಿ” ಎನ್ನುತ್ತ ಒಂದೂವರೆ ರೊಟ್ಟಿ ಉಂಡಳು.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂಬುದು ನನಗೂ ಗೊತ್ತಿತ್ತು. ನೆರೆಯವರು ಉಣ್ಣಲು ತಂದುಕೊಡುತ್ತಾರೆ, ಅದನ್ನು ಒಲ್ಲೆ ಎನ್ನುವಂತಿಲ್ಲ ಎಂಬ ಉಳಿದರ್ಧ ನನಗೆ ಹೊಳೆದೇ ಇರಲಿಲ್ಲ. ಹಿರಿಯರು ಒಲೆಯನ್ನಷ್ಟೇ ಆರಿಸಲು ಹೇಳಿದ್ದರು. ದುಃಖದಲ್ಲಿದ್ದವರು ಹಸಿದಿರಲಿ ಎಂದು ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಇಂಥ ಅರೆಪಾಠ ಒಪ್ಪಿಸಿದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಕೈ ತೊಳೆದು ಬಂದ ಫಕ್ಕೀರವ್ವ ದನಿ ತಗ್ಗಿಸಿ ಹೇಳಿದಳು: “ಸಿಟ್ಟಾಗಬ್ಯಾಡ್ರಿ ಮಾಸ್ತರ. ನೀವು ದಿನಾ ಮಧ್ಯಾಹ್ನ ನಿಮ್ಮಪ್ಪಾರನ್ನ ಮತ್ತ ಮಣ್ಣ ಮಾಡಾಕತ್ತೀರಿ. ಅಮ್ಮಾರು ನಿಮಗ ಪರೀಕ್ಷಾ ಇಟ್ಟಿಲ್ರಿ. ಗಂಡನ್ನ ಬಿಟ್ಟು ಹ್ಯಾಂಗ ಉಣ್ಣೂದು ಅಂತ ಕೇಳಾಕತ್ತಾರ.”

ಮರುದಿನ ಅವ್ವ ಕೇಳಿದಾಗ, “ತಡಸ ಊರಿಗೆ ಹೋಗ್ಯಾರಬೇ, ಬರೂದು ತಡಾ ಆಗತೈತಂತ” ಎಂದೆ. ಕಿವಿ ಬಿಸಿಯಾದವು. ಅವ್ವ ಮಾತ್ರ, “ಹಂಗಾರ ಅವರಿಗೆ ಎರಡ ರೊಟ್ಟಿ ಎತ್ತಿಡ್ರಿ” ಎಂದು ತಾನು ಉಣ್ಣಲು ಕುಳಿತಳು. ಆ ಎರಡು ರೊಟ್ಟಿಗಳನ್ನು ಸಂಜೆ ನಾನು ತಿನ್ನುತ್ತಿದ್ದೆ. ನಿಜ ಹೇಳುತ್ತೇನೆ, ಅಪ್ಪ ತಡಸದಲ್ಲೇ ಇದ್ದಾನೆ ಎಂಬುದು ದಿನ ಕಳೆದಂತೆ ನನಗೂ ಹಿತವಾಗತೊಡಗಿತ್ತು. ಅವ್ವನ ಮೈಯೂ ಸ್ವಲ್ಪ ತುಂಬಿಕೊಂಡಿತು.

ಹೋದ ತಿಂಗಳು ಅವಳು ಕೇಳುವುದನ್ನೇ ನಿಲ್ಲಿಸಿದಳು. ತಾಟು ಬಂದರೆ ಸುಮ್ಮನೆ ಉಣ್ಣುವಳು. ಮೂರು ದಿನ ಕಾದೆ, ನಾಲ್ಕು ದಿನ ಕಾದೆ. ಐದನೆಯ ದಿನ ನಾನೇ ತಡೆಯಲಾರದೆ, “ಅಪ್ಪ ಇನ್ನೂ ಬರಲಿಲ್ಲಬೇ” ಎಂದೆ. ಅವಳು ಯಾರ ಸುದ್ದಿಯೋ ಎಂಬಂತೆ ನೋಡಿದಳು. ಅಪ್ಪ ಹೋದದ್ದು ಒಂಬತ್ತು ವರ್ಷಗಳ ಹಿಂದಲ್ಲ, ಆವತ್ತೇ ಅನ್ನಿಸಿತು. ನನ್ನ ತಾಟು ಸರಿಸಿ ತಲೆ ತಗ್ಗಿಸಿ ಕುಳಿತೆ.

ಅವ್ವ ಕುಳಿತಲ್ಲಿಂದಲೇ ಹತ್ತಿರ ಸರಿದು ಬಂದಳು. “ಯಾವೂರಪಾ ನಿಂದು? ಯಾರರೆ ತೀರಿಕೊಂಡಾರೇನು ನಿಮ್ಮ ಮನಿಯಾಗ?”

ನಾನು ನಿನ್ನ ಮಗ ಎಂಬ ಮಾತು ತುದಿನಾಲಿಗೆಗೆ ಬಂತು. ಅದು ಸರಿಯುತ್ತರವೂ ಆಗಿತ್ತು. ನುಂಗಿಕೊಂಡೆ. ಅವಳು ತನ್ನ ತಾಟಿನ ರೊಟ್ಟಿ ಮುರಿದು, ಪಲ್ಯ ಹಚ್ಚಿ, ನನ್ನ ಬಾಯಿಯ ಹತ್ತಿರ ಹಿಡಿದಳು.

“ಉಣಲಾರದ ಇರಬ್ಯಾಡಪಾ. ಮಂದಿ ಕೊಟ್ಟದ್ದು ಒಲ್ಲೆ ಅನಬಾರದು.”

“ಹೌದ್ರಿ” ಎಂದು ಬಾಯಿ ತೆರೆದೆ.