ಓಡಿಹೋದ ಸಮುದ್ರ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಾವು ಕೊಲ್ಲಿ ದೇಶದ ಮರಳುಗಾಡಿನ ಮದೀನತ್ ಜಾಯೆದ್‌ನಲ್ಲಿದ್ದೆವು. ನೀವು ಈಗ ಕಾರಿನಲ್ಲಿ ನಿದ್ದೆ ಹೊಡೆಯುತ್ತಾ ದಾಟಿಹೋಗುತ್ತೀರಲ್ಲ, ಅದೇ ಊರು. ಆಗ ಕಿಟಕಿ ತೆರೆದರೆ ಮರಳು, ಮುಚ್ಚಿದರೆ ಸೆಕೆ. ಅಪ್ಪ ತೈಲ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಆದರೆ ಹುಟ್ಟಿದ್ದು ಉಡುಪಿಯ ಕಡಲ ತಡಿಯಲ್ಲಿ, ಮೀನುಗಾರರ ಮನೆಯಲ್ಲಿ. ಹುಡುಗರಾಗಿದ್ದಾಗ ಎದುರು ಬರುವ ಅಲೆಗೆ ಹೆದರದೆ ದೋಣಿಗೆ ಹುಟ್ಟು ಹಾಕುತ್ತಿದ್ದರಂತೆ. ನಾನು ನೋಡಿದ್ದು ಮಾತ್ರ ಕೀಲಿಗೊಂಚಲು ಹಿಡಿದು ನಡೆಯುವ ಅಪ್ಪನನ್ನು.

ಒಮ್ಮೆ ಹೀಗಾಯಿತು. ಮುಂದಿನ ವಾರ ಅಮ್ಮನ ಜೊತೆ ಅಕ್ಕ, ನಾನು ಊರಿಗೆ ಹೊರಡುವುದಿತ್ತು. ಇನ್ನು ಅಲ್ಲೇ ಶಾಲೆ. ಅಪ್ಪ ಎರಡು ವರ್ಷಕ್ಕೊಮ್ಮೆ ಬರುವವರು. ಹೊರಡುವ ಮೊದಲು ಅವರು ದೋಣಿ ನಡೆಸುವುದನ್ನು ಒಮ್ಮೆ ನೋಡಲೇಬೇಕೆಂದು ಊಟ ಬಿಟ್ಟು ಹಟ ಹಿಡಿದೆ. ಕೊನೆಗೂ ಒಪ್ಪಿದರು. ಮಿರ್ಫಾ ಎಂಬ ಮೀನುಗಾರರ ಊರಿನಲ್ಲಿ ಅರಬ್ ಮುದುಕರೊಬ್ಬರು ತಮ್ಮ ಚಿಕ್ಕ ದೋಣಿ ಕೊಡುತ್ತಾರಂತೆ ಎಂದು ಶುಕ್ರವಾರ ಬೆಳಿಗ್ಗೆಯೇ ಅಪ್ಪ, ಅಕ್ಕ, ನಾನು ಹೊರಟೆವು.

ನಮ್ಮ ಕಡೆಯವರಿಗೆ ಒಂದು ರೋಗವಿದೆ. ಸಿಕ್ಕವರ ಊರು, ಮನೆ, ಸಂಬಂಧ ಎಲ್ಲ ತಿಳಿಯದೆ ಜಾಗ ಬಿಟ್ಟು ಕದಲುವುದಿಲ್ಲ. ಅಪ್ಪನಿಗೆ ಅದು ಸ್ವಲ್ಪ ಜಾಸ್ತಿಯೇ ಇತ್ತು. ದಾರಿಯಲ್ಲಿ ಚಹಾದಂಗಡಿಯವರು ಭಟ್ಕಳದವರೆಂದು ಗೊತ್ತಾಗಿದ್ದೇ ತಡ, ಚಹಾ ಆರಿ, ಮತ್ತೆ ಬಿಸಿ ಮಾಡಿಸಿ, ಅದೂ ಆರಿತು. ನಾನು ಕಾರಿನಲ್ಲಿ ಬೆವರುತ್ತಾ ಹಲ್ಲು ಕಡಿಯುತ್ತಿದ್ದೆ.

ಮಿರ್ಫಾ ಮುಟ್ಟಿದಾಗ ಒಣಮೀನಿನ ವಾಸನೆ ಮೂಗಿಗೆ ಹೊಡೆಯಿತು. ತಗ್ಗು ಮನೆಗಳು, ರಾಶಿ ಹಾಕಿದ ತಂತಿಯ ಮೀನುಬುಟ್ಟಿಗಳು, ಹಸಿರು ನೀರಿನಲ್ಲಿ ತೇಲುವ ದೋಣಿ. ಒಳಗೆ ಹುಟ್ಟುಗಳೂ ಇದ್ದವು! ನಾನು ಚಪ್ಪಲಿ ಕಳಚಿಯೂ ಆಗಿತ್ತು. ಅಷ್ಟರಲ್ಲಿ ಮುದುಕರು ಹರಕು ಹಿಂದಿಯಲ್ಲಿ ಅಪ್ಪನ ಊರು ಕೇಳಿದರು. ಉಡುಪಿ ಎಂದರೆ ಗೊತ್ತಾಗಲಿಕ್ಕಿಲ್ಲವೆಂದು ಅಪ್ಪ ಮಂಗಳೂರಿನ ಹೆಸರು ಹೇಳಿದರು.

"ಮಂಗ್ಳೂರ್? ಮಂಗ್ಳೂರ್ ಮಾಲೂಮ್!" ಎಂದು ಮುದುಕರು ಅಪ್ಪನ ಕೈ ಹಿಡಿದುಕೊಂಡರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಹರೆಯದಲ್ಲಿ ಅವರು ಹಾಯಿಹಡಗಿನಲ್ಲಿ ಮಂಗಳೂರಿಗೆ ಹೋಗಿ ಹೆಂಚು, ಮರ ತಂದವರಂತೆ. ಖರ್ಜೂರದ ಗರಿಯ ಚಪ್ಪರದ ಕೆಳಗೆ ಏಲಕ್ಕಿ ಕಾಫಿ ಬಂತು. ಆಮೇಲೆ ಊರಿನ ಚರಿತ್ರೆ. ಕಾಲಿಗೆ ಕಲ್ಲು ಕಟ್ಟಿ, ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಮುತ್ತಿಗಾಗಿ ಮುಳುಗಿದ್ದು, ಕಿವಿ ಒಡೆದದ್ದು, ಮುತ್ತು ಕೊಳ್ಳುವವರಿಲ್ಲದೆ ಹಡಗುಗಳು ದಡದಲ್ಲೇ ಲಡ್ಡಾದದ್ದು, ಉಳಿದವರು ಮೀನು ಹಿಡಿದು ಬದುಕಿದ್ದು. ಒಂದೊಂದಕ್ಕೂ ಅಪ್ಪನ ಹತ್ತು ಪ್ರಶ್ನೆ.

"ಅಪ್ಪಾ, ದೋಣಿ!" ಎಂದು ಅಂಗಿ ಎಳೆದೆ.

"ಎಂತ ಅವಸರ ಮಾರಾಯ ನಿಂಗೆ? ಸಮುದ್ರ ಎಲ್ಲಿಗಾದ್ರೂ ಓಡಿ ಹೋಗ್ತದಾ?"

ಸ್ವಲ್ಪ ಹೊತ್ತಿಗೆ ಅಕ್ಕನೂ ಹೇಳಿದಳು, "ಅಪ್ಪಾ, ನೀರು ಹೋಗ್ತಾ ಉಂಟು."

"ನಮ್ಮಲ್ಲಿಯೂ ಹೋಗ್ತದೆ. ಇಳಿತದಲ್ಲೂ ದೋಣಿ ಹಾಕಿದವ ನಾನು, ಗೊತ್ತುಂಟಾ?"

ಅದು ಅವರ ಉಡುಪಿಯ ಕಡಲು. ಇಲ್ಲಿಯದು ಊಟದ ತಟ್ಟೆಯಷ್ಟು ಚಪ್ಪಟೆ. ಅವರು ಎದ್ದು ಬರುವಷ್ಟರಲ್ಲಿ ಸಮುದ್ರ ನಿಜವಾಗಿಯೂ ಓಡಿಹೋಗಿತ್ತು! ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ದೋಣಿ ಒಂದು ಮಗ್ಗುಲಿಗೆ ಮಲಗಿತ್ತು. ಮುದುಕರು "ಖಲಾಸ್" ಎಂದು ನಕ್ಕು, ನೀರು ಬರುವಾಗ ಕತ್ತಲಾಗುತ್ತದೆ, ನಾಳೆ ಬನ್ನಿ ಎಂದರು. ನಾಳೆ ಅಪ್ಪನಿಗೆ ಡ್ಯೂಟಿ.

ಅಪ್ಪ ನನ್ನ ಮುಖ ನೋಡಿದರು. ಪ್ಯಾಂಟು ಮಡಚಿ ಕೆಸರಿಗಿಳಿದು ದೋಣಿಗೆ ಹೆಗಲು ಕೊಟ್ಟು ನೂಕಿದರು. ಅದು ಒಂದಿಂಚೂ ಅಲುಗಲಿಲ್ಲ. ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದು, "ಬರುವ ಸಲ, ಆಯ್ತಾ ಮಗಾ?" ಎಂದರು. ನಾನು ಚಪ್ಪಲಿ ಕೈಯಲ್ಲೇ ಹಿಡಿದು ಹೋಗಿ ಕಾರಿನಲ್ಲಿ ಕೂತೆ.

ಬರುವ ಸಲ ಬರಲೇ ಇಲ್ಲ. ರಜೆಗೆ ಊರಿಗೆ ಬಂದಾಗಲೆಲ್ಲ ಅಪ್ಪನಿಗೆ ಯಾರದೋ ಮದುವೆ, ಇಲ್ಲ ಮನೆ ರಿಪೇರಿ. ಆಮೇಲೆ ಸೊಂಟನೋವು. ಆಮೇಲೆ ಅಪ್ಪನೇ ಇಲ್ಲ.

ಈಗ ಅದೇ ದೇಶದ ರಾಜಧಾನಿಯಲ್ಲಿ, ಟೂರಿಸ್ಟ್ ಕ್ಲಬ್ ಏರಿಯಾದ ನಿಮ್ಮ ಫ್ಲಾಟಿನಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ನಿಮ್ಮ ಅಪ್ಪ ಫೋನಿನಲ್ಲೇ ಟಿಕೆಟ್ ತೆಗೆಯುತ್ತಾನೆ, ಹೇಳಿದ ಹೊತ್ತಿಗೆ ದೋಣಿ ಹೊರಡುತ್ತದೆ, ಯಾರೂ ಯಾರ ಊರನ್ನೂ ಕೇಳುವುದಿಲ್ಲ. ಸುಳ್ಳೇಕೆ, ನನಗೆ ಇದೇ ಇಷ್ಟ. ಆದರೂ ನೀವು ಆ ದೋಣಿಯಲ್ಲಿ ಕೂತು "ಬೋರಿಂಗ್ ಅಜ್ಜಾ" ಎಂದಾಗ ಮೈ ಉರಿಯುತ್ತದೆ. ನಿಮ್ಮ ಅಪ್ಪ ಈಜುವುದನ್ನು, ಕುಣಿಯುವುದನ್ನು, ದೋಸೆ ಸುಡುವುದನ್ನೂ ನೀವು ನೋಡಿದ್ದೀರಿ. ನನ್ನ ಅಪ್ಪ ಹುಟ್ಟು ಹಾಕುವುದನ್ನು ನಾನು ನೋಡಲೇ ಇಲ್ಲ ಮಕ್ಕಳೇ.